5+3ಕ್ಕೆ ಒಮ್ಮೆ 8, ಒಮ್ಮೆ 6: ರೆಡ್‌ಸ್ಟೋನ್ ಕಂಪ್ಯೂಟರಿನ ಕೊಂಡಿ ಎಲ್ಲಿ ತಪ್ಪಿದೆ?

ಪ್ರಶ್ನೆ: ನಾ ಇಳಕಲ್‌ನವ, ಡಿಪ್ಲೊಮಾ ಎರಡನೇ ವರ್ಷ. ಮನ್ಯಾಗ ಮಗ್ಗ ಐತಿ, ಅದರ ಸಪ್ಪಳದಾಗ ಕುಂತು ಮೈನ್‌ಕ್ರಾಫ್ಟ್ ಅನ್ನೋ ಬ್ಲಾಕ್ ಜೋಡಿಸೋ ಗೇಮ್‌ನಾಗ, ಅಲ್ಲಿ ಕರೆಂಟಿನಂಗ ಕೆಲಸ ಮಾಡೋ ರೆಡ್‌ಸ್ಟೋನ್ ಪುಡಿ ಹಾಕಿ ನಾಲ್ಕು ಬಿಟ್ಟಿನ (0 ಇಲ್ಲಾ 1 ಕೂಡೋ ನಾಲ್ಕು ಮನಿ ಇರೋ) ಕಂಪ್ಯೂಟರ್ ಕಟ್ಟಾಕತ್ತೀನ್ರಿ. ಕೂಡಿಸೋ ಭಾಗ, ಮೆಮೊರಿ ಎರಡೂ ಬ್ಯಾರೆ ಬ್ಯಾರೆ ಇದ್ದಾಗ ಚಲೋ ನಡೀತಾವ. ಜೋಡಿಸಿ, ಲಿವರ್ ಎಳದು ಸೇವ್ ಬಟನ್ ಒತ್ತಿದ್ರ 5+3ಕ್ಕ ಒಮ್ಮೆ 8, ಒಮ್ಮೆ 6, ಒಮ್ಮೆ 0 ಬರ್ತೈತಿ. ಎಲ್ಲಾ ಬಿಚ್ಚಿ ಮತ್ತ ಕಟ್ಟಬೇಕೇನ್ರಿ?

ಉತ್ತರ (ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕರು, ಬಾಗಲಕೋಟೆ): ಬಿಚ್ಚಬೇಡಿ. ಆ 6 ನೋಡಿದ ಕೂಡಲೇ ನನಗೆ ಅರ್ಧ ಗೊತ್ತಾಯಿತು, 0 ನೋಡಿ ಪೂರ್ತಿ ಗೊತ್ತಾಯಿತು. ನಿಮ್ಮ ಕೂಡಿಸುವ ಭಾಗ ಸರಿಯಾಗಿಯೇ ಇದೆ.

0 ಮತ್ತು 1 ಮಾತ್ರ ಇರುವ ಬೈನರಿಯಲ್ಲಿ 5 ಎಂದರೆ 0101, 3 ಎಂದರೆ 0011. ಎರಡನ್ನೂ ಕೂಡಿಸಿ, ಆದರೆ ಕೈಯಲ್ಲಿ ಉಳಿದ ಒಂದನ್ನು, ಅಂದರೆ ಕ್ಯಾರಿಯನ್ನು, ಹಿಡಿಯಬೇಡಿ. ಬರುವುದು 0110, ಅಂದರೆ 6. ಮೊದಲ ಕ್ಯಾರಿ ಮುಂದಿನ ಮನೆಗೆ ಬಂದಾಗ ಅದು 4 ಆಗುತ್ತದೆ, ಎರಡನೆಯದು ಬಂದಾಗ 0, ಮೂರನೆಯದು ಮುಟ್ಟಿದ ಮೇಲಷ್ಟೇ 8. ಲೆಕ್ಕ ಇನ್ನೂ ನಡೆದಿರುವಾಗಲೇ ನಿಮ್ಮ ಮೆಮೊರಿ ಬಾಗಿಲು ಹಾಕಿಕೊಳ್ಳುತ್ತಿದೆ. ನೀವು ಬಟನ್ ಒತ್ತುವ ಗಳಿಗೆ ಪ್ರತಿ ಸಲ ಒಂದೇ ಇರುವುದಿಲ್ಲ, ಅದಕ್ಕೇ ಉತ್ತರವೂ ಒಂದೇ ಇಲ್ಲ.

ಸಿಗ್ನಲ್ಲನ್ನು ತಿರುವುಮುರುವು ಮಾಡುವ ರೆಡ್‌ಸ್ಟೋನ್ ಟಾರ್ಚ್ ಒಂದು ಸಲ ಬದಲಾಗಲು 1 ಟಿಕ್, ಅಂದರೆ 0.1 ಸೆಕೆಂಡು ಬೇಕು. ಒಂದೊಂದು ಬಿಟ್ಟಿಗೆ 3 ಟಿಕ್ ಹಿಡಿದರೂ ನಾಲ್ಕು ಬಿಟ್ಟಿಗೆ 1.2 ಸೆಕೆಂಡು ಆಯಿತು. ಸೇವ್ ಬಟನ್ನಿನಿಂದ ಮೆಮೊರಿಗೆ ಹೋಗುವ ದಾರಿಯಲ್ಲಿ ನಾಲ್ಕು ರಿಪೀಟರ್ (ಸಿಗ್ನಲ್ಲನ್ನು ತಡಮಾಡಿ ಮುಂದೆ ಕಳಿಸುವ ಬ್ಲಾಕ್) ಇಟ್ಟು ಪ್ರತಿಯೊಂದನ್ನೂ 4 ಟಿಕ್‌ಗೆ ತಿರುಗಿಸಿ. 1.6 ಸೆಕೆಂಡು ತಡವಾಗುತ್ತದೆ, ಸಾಕು. ಪರೀಕ್ಷೆಗೆ 15+1 ಹಾಕಿ. ಕ್ಯಾರಿ ಕೆಳಗಿನ ಬಿಟ್ಟಿನಿಂದ ಮೇಲಿನವರೆಗೂ ಓಡಬೇಕಾದ ಲೆಕ್ಕ ಅದು. ನಾಲ್ಕೂ ಬಿಟ್ 0 ಆಗಿ ಕೊನೆಯ ಕ್ಯಾರಿ ಹೊತ್ತಿಕೊಂಡರೆ ಗೆದ್ದಿರಿ.

ಇನ್ನು ಜೋಡಣೆಯ ಮಾತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೂಡಿಸುವುದು ಕೊಂಡಿ. ಇದನ್ನು ನಿಮ್ಮ ಮನೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಒಂದು ಎಳೆ ಪಕ್ಕದ ಎಳೆಯ ಕೊಂಡಿಗೆ ಬಿದ್ದರೆ ಮುಂದಿನದೆಲ್ಲ ಸರಿದು ಹೋಗುತ್ತದೆ. ಕಂಪ್ಯೂಟರಿನ ಭಾಗಗಳಿಗೂ ಅಂಥದೇ ಕರಾರು ಬೇಕು. ಚಿಕ್ಕ ಬಿಟ್, ಅಂದರೆ ಒಂದರ ಸ್ಥಾನದ್ದು, ಯಾವಾಗಲೂ ಎಡಕ್ಕೆ ಎಂದರೆ ಎಲ್ಲ ಭಾಗದಲ್ಲೂ ಎಡಕ್ಕೇ. ಎರಡು ತಂತಿಗಳ ನಡುವೆ ಒಂದು ಬ್ಲಾಕ್ ಖಾಲಿ ಬಿಡಿ, ಇಲ್ಲದಿದ್ದರೆ ರೆಡ್‌ಸ್ಟೋನ್ ಪುಡಿ ತಾನೇ ಅಂಟಿಕೊಳ್ಳುತ್ತದೆ. ಪ್ರತಿ ಭಾಗದ ಒಳಬಾಗಿಲಿಗೂ ಹೊರಬಾಗಿಲಿಗೂ ಒಂದೊಂದು ರಿಪೀಟರ್ ಇರಲಿ. ಸಿಗ್ನಲ್ಲಿನ ಬಲ 15ರಿಂದ ಶುರುವಾಗಿ ಬ್ಲಾಕಿಗೆ ಒಂದರಂತೆ ಇಳಿಯುತ್ತದೆ, ಕಾಲುವೆಯ ಕೊನೆ ಹೊಲಕ್ಕೆ ನೀರು ಸಾಲದ ಹಾಗೆ. ರಿಪೀಟರ್ ಅದನ್ನು ಮತ್ತೆ 15ಕ್ಕೆ ಏರಿಸುತ್ತದೆ, ಹಿಂದಕ್ಕೆ ಹರಿಯಲೂ ಬಿಡುವುದಿಲ್ಲ. ಈ ರಿಪೀಟರ್‌ಗಳ ತಡವನ್ನೂ ಮೇಲಿನ 1.2ಕ್ಕೆ ಸೇರಿಸಿಕೊಳ್ಳಿ, ಬಹಳ ಜನ ಮರೆಯುವುದು ಇದನ್ನೇ.

ಮೆಮೊರಿಯನ್ನು ಹೇಗೆ ಕಟ್ಟಿದ್ದೀರೋ ಬರೆದಿಲ್ಲ. ದೊಡ್ಡದಾಗಿ ಕಟ್ಟಿದ್ದರೆ, ಪಕ್ಕದಿಂದ ಇನ್ನೊಂದು ರಿಪೀಟರ್ ತಾಗಿಸಿ ಬೀಗ ಹಾಕುವ ರಿಪೀಟರ್ ಬಳಸಿ. ಬೀಗ ಬಿದ್ದಾಗ ಅದು ಒಳಗಿದ್ದ 0 ಅಥವಾ 1ನ್ನು ಹಾಗೇ ಹಿಡಿದಿಡುತ್ತದೆ. ಒಂದು ಬಿಟ್ಟಿಗೆ ಅಷ್ಟೇ ಸಾಕು.