ಔಷಧಿ ಹೊಡೆದ ಮೇಲೆ ತೊಡೆ ಅದುರಿದ್ದು ಬಿಸಿಲಿಗಲ್ಲ

ಅಣ್ಣಾ, ಹತ್ತಿಗೆ ಆರು ಟ್ಯಾಂಕ್ ಪ್ರೊಫೆನೊಫಾಸ್ ಕೀಟನಾಶಕ ಹೊಡೆದ ಮೇಲೆ ಜೊಲ್ಲು ಸುರಿಯಿತು, ಕಣ್ಣು ಮಂಜಾಯಿತು, ತೊಡೆ ತಾನಾಗಿ ಅದುರಿತು ಅಂತ ಬರೆದಿದ್ದೀರಿ. ಬಿಸಿಲಿಗೆ ಹೀಗಾಯಿತಾ, ಆಸ್ಪತ್ರೆಯಲ್ಲಿ ಅಟ್ರೊಪಿನ್ ಇಂಜೆಕ್ಷನ್ ಕೊಟ್ಟ ಮೇಲೆ ಬಾಯಿ ಪೂರ್ತಿ ಒಣಗಿದ್ದು ಯಾಕೆ ಅಂತಲೂ ಕೇಳಿದ್ದೀರಿ. ಬಿಸಿಲಿಗೆ ಬಾಯಿ ಒಣಗುತ್ತದೆ, ಜೊಲ್ಲು ಸುರಿಯುವುದಿಲ್ಲ ಅಲ್ವಾ? ಔಷಧಿಯೇ ಮೈಗೆ ಹತ್ತಿದೆ. ಆಮೇಲೆ ಬಾಯಿ ಒಣಗಿದ್ದು ಇಂಜೆಕ್ಷನ್ ಕೆಲಸ ಮಾಡಿದ ಗುರುತು.

ನರದ ತುದಿಯಿಂದ ಅಸಿಟೈಲ್‌ಕೋಲಿನ್ ಅನ್ನುವ ರಸ ಒಂಚೂರು ಹೊರಗೆ ಬರುತ್ತದೆ. ಅದನ್ನು ಹಿಡಿದುಕೊಳ್ಳುವ ರಿಸೆಪ್ಟರ್‌ಗಳು ಎದುರಿಗಿರುವ ಸ್ನಾಯುವಿನ ಮೇಲಿವೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂದುಕೊಳ್ಳಿ. ರಸ ಹೋಗಿ ಕೂತರೆ ಸ್ನಾಯು ಬಿಗಿಯುತ್ತದೆ. ಕೂಡಲೇ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಆ ರಸವನ್ನು ಒಡೆದುಹಾಕುತ್ತದೆ, ಮೋಟರ್ ನಿಲ್ಲುತ್ತದೆ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಎಲ್ಲವೂ ಈ ಕಿಣ್ವದ ಕೈ ಕಟ್ಟುತ್ತವೆ. ಮೋಟರ್ ಓಡುತ್ತಲೇ ಇರುತ್ತದೆ, ಕೊನೆಗೆ ಸುಸ್ತಾಗಿ ನಿಂತುಬಿಡುತ್ತದೆ. ಹುಳ ಸಾಯುವುದೂ ಹೀಗೇ.

ಈ ರಿಸೆಪ್ಟರ್‌ಗಳಲ್ಲಿ ಎರಡು ಜಾತಿ. ಮಸ್ಕರಿನಿಕ್ ಅನ್ನುವವು ಜೊಲ್ಲು, ಬೆವರು, ಕರುಳು, ಹೃದಯದ ಬಡಿತ ನೋಡಿಕೊಳ್ಳುತ್ತವೆ. ಅಟ್ರೊಪಿನ್ ತಡೆಯುವುದು ಇವನ್ನು ಮಾತ್ರ. ಕೈಕಾಲು ಮತ್ತು ಉಸಿರಾಟದ ಸ್ನಾಯುಗಳಲ್ಲಿ ಇರುವವು ನಿಕೋಟಿನಿಕ್. ನಿಮ್ಮ ತೊಡೆ ಅದುರಿದ್ದು ಇವುಗಳಿಂದ. ಅಟ್ರೊಪಿನ್ ಇವನ್ನು ಮುಟ್ಟುವುದಿಲ್ಲ. ಮೆದುಳಿನಲ್ಲಿ ಎರಡೂ ಇವೆ, ನೆನಪು ಮತ್ತು ಗಮನಕ್ಕೆ ಬೇಕಾದವು. ನಿಮಗೆ ತಲೆ ಮಂಕಾಗಿ ನಿದ್ದೆ ಕೆಟ್ಟಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. (ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆಯೂ ಇದೇ ಕಿಣ್ವವನ್ನು ಅಳತೆಯಲ್ಲಿ ತಡೆಯುತ್ತದೆ.)

ಇಷ್ಟು ಬರೆಯುವುದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಟ್ಯಾಂಕ್ ಸೋರಿ ಬೆನ್ನೆಲ್ಲ ನೆನೆದಿತ್ತು. ಇಂಜೆಕ್ಷನ್ ಆದ ಮೇಲೆ ಆರಾಮಾದರು, ಮನೆಗೆ ಕರೆತಂದೆವು. ಎರಡನೇ ದಿನ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಲು ಆಗಲಿಲ್ಲ. ಮಾತು ನೆಟ್ಟಗಿತ್ತು, ಕುತ್ತಿಗೆಗೆ ಮಾತ್ರ ಬಲವೇ ಇಲ್ಲ. ಸಂಜೆಯೊಳಗೆ ವೆಂಟಿಲೇಟರ್ ಹಾಕಬೇಕಾಯಿತು. ಹೀಗೆ 1 ರಿಂದ 4 ದಿನದೊಳಗೆ ಸ್ನಾಯು ಸೋಲುವುದುಂಟು. ಆದ್ದರಿಂದ ನಾಲ್ಕು ದಿನ ಒಬ್ಬರು ನಿಮ್ಮ ಜೊತೆಗೇ ಇರಲಿ. ಮಲಗಿದಲ್ಲಿಂದ ತಲೆ ಎತ್ತಿ ನೋಡಿ. ಆಗದಿದ್ದರೆ, ಉಸಿರು ಸಣ್ಣಗಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಔಷಧಿ ಬಾಟಲಿಯ ಲೇಬಲ್ ಜೊತೆಗಿರಲಿ.

ಇನ್ನು ಮುಂದಿನ ವಾರ ಉಳಿದ ಎರಡು ಎಕರೆ ಹೊಡೆಯುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಕಟ್ಟಿಹೋದ ಕಿಣ್ವ ಬೇಗ ವಾಪಸ್ ಬರುವುದಿಲ್ಲ. ಕೆಂಪು ರಕ್ತಕಣಗಳಲ್ಲಿ ಅದು ತುಂಬಿಕೊಳ್ಳಲು ಹೊಸ ಕಣಗಳೇ ಹುಟ್ಟಬೇಕು. ಒಂದು ಕಣದ ಆಯುಸ್ಸು ಸುಮಾರು 120 ದಿನ. ಈ ಸಲ ಆರು ಟ್ಯಾಂಕಿಗೆ ಆಗಿದ್ದು ಮುಂದಿನ ಸಲ ಎರಡಕ್ಕೇ ಆಗಬಹುದು. ಕೋಲಿನೆಸ್ಟರೇಸ್ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಒಪ್ಪಿದ ಮೇಲೆ ಟ್ಯಾಂಕ್ ಹೆಗಲಿಗೆ ಹಾಕಿ. ಅವತ್ತು ಹಾಕಿದ್ದ ಬಟ್ಟೆಯನ್ನು ಮನೆ ಬಟ್ಟೆ ಜೊತೆ ಒಗೆಯಬೇಡಿ. ವಿಷ ಚರ್ಮದಿಂದಲೇ ಒಳಗೆ ಹೋಗುತ್ತದೆ. ಒಗೆಯುವವರು ಗ್ಲೌಸ್ ಹಾಕಿಕೊಳ್ಳಲಿ.

ಉಮ್ಮತ್ತಿ ರಸ ಕುಡಿಸಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ. ಉಮ್ಮತ್ತಿಯಲ್ಲಿ ಅಟ್ರೊಪಿನ್ ಇರುವುದು ನಿಜ. ಆದರೆ ಎಲೆಯಿಂದ ಎಲೆಗೆ ಪ್ರಮಾಣ ಬೇರೆ, ಜಾಸ್ತಿಯಾದರೆ ಅದೇ ವಿಷ. ಖಂಡಿತ ಬೇಡ.

ಬದಲಿಗೆ ಇಮಿಡಾಕ್ಲೋಪ್ರಿಡ್ ಹೊಡೆಯಲಾ ಅಂತ ಕೇಳಿದ್ದೀರಿ. ಅದು ಕಿಣ್ವದ ತಂಟೆಗೆ ಹೋಗುವುದಿಲ್ಲ, ನೇರವಾಗಿ ನಿಕೋಟಿನಿಕ್ ರಿಸೆಪ್ಟರ್ ಮೇಲೆಯೇ ಕೂರುತ್ತದೆ. ಕೀಟದ ರಿಸೆಪ್ಟರನ್ನು ಬಿಗಿಯಾಗಿ ಹಿಡಿಯುತ್ತದೆ, ನಮ್ಮದನ್ನು ಸಡಿಲವಾಗಿ. ನಮಗೆ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ರಸ ಹೀರುವ ಹುಳಕ್ಕೆ ನಡೆಯುತ್ತದೆ, ಕಾಯಿಕೊರಕಕ್ಕೆ ಅಲ್ಲ. ಜೇನೂ ಕೀಟವೇ. ಹತ್ತಿ ಹೂವಿಗೆ ಬಂದಿದ್ದರೆ ಅದನ್ನು ಹೊಡೆಯಬೇಡಿ.