ರಾಯಚೂರಿನ ಬೇಸಿಗೆಯಲ್ಲಿ ಲ್ಯಾಪ್‌ಟಾಪನ್ನು ತೊಡೆ ಮೇಲಿಟ್ಟುಕೊಂಡು ಕೆಲಸ ಮಾಡಿದರೆ ತೊಂದರೆ ಆಗುತ್ತಾ?

ಆಗುತ್ತದೆ. ದಿನಾ ಗಂಟೆಗಟ್ಟಲೆ ಇಟ್ಟುಕೊಂಡರೆ ಚರ್ಮಕ್ಕೂ ಕೆಟ್ಟದ್ದು, ಬ್ಯಾಟರಿಗೂ ಕೆಟ್ಟದ್ದು.

ಬಹಳಷ್ಟು ಲ್ಯಾಪ್‌ಟಾಪ್‌ಗಳು ತಳದ ಕಿಂಡಿಗಳಿಂದ ಗಾಳಿ ಎಳೆದುಕೊಂಡು ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತವೆ. ತೊಡೆ, ದಿಂಬು, ಕೌದಿ ಆ ಕಿಂಡಿಗಳನ್ನೇ ಮುಚ್ಚುತ್ತವೆ. ಮೇಲಾಗಿ ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ. ಅಂಥ ಗಾಳಿಯಿಂದ ಯಂತ್ರ ಎಷ್ಟು ತಣ್ಣಗಾದೀತು, ಅಲ್ವಾ?

ಚರ್ಮ ಸುಡದಷ್ಟು ಬಿಸಿಯಾದರೂ, ಸುಮಾರು 43ರಿಂದ 47 ಡಿಗ್ರಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ತಾಗಿದರೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ದಿನಾ ಒಲೆ ಮುಂದೆ ಕೂರುವವರ ಕಾಲಲ್ಲೂ ಇದೇ ಕಲೆ ಬರುತ್ತದೆ. ಹೆಚ್ಚಾಗಿ ನೋವಿರುವುದಿಲ್ಲ, ಅದಕ್ಕೇ ಗಮನಕ್ಕೆ ಬರುವುದು ತಡ. ಬೇಗ ಬಿಟ್ಟರೆ ನಿಧಾನಕ್ಕೆ ಮಾಸುತ್ತದೆ. ಮಾಸದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಲಿಥಿಯಂ ಬ್ಯಾಟರಿಯೂ ಬಿಸಿಯಲ್ಲಿ ಬೇಗ ಸವೆಯುತ್ತದೆ. ಕೆಲವೊಮ್ಮೆ ಉಬ್ಬುತ್ತದೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಸರಿಮಾಡಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೂ ಲ್ಯಾಪ್‌ಟಾಪ್ ಬಿಡಬೇಡಿ.

ಲ್ಯಾಪ್‌ಟಾಪ್ ಕೆಳಗಿಡುವ ಫ್ಯಾನಿನ ಹಲಗೆ, ಅಂದರೆ ಕೂಲಿಂಗ್ ಪ್ಯಾಡ್, ಕೊಳ್ಳಲೇಬೇಕೆಂದಿಲ್ಲ. ನೆಲದ ಮೇಲೆ ಕೂರುವವರಿಗೆ ಲ್ಯಾಪ್‌ಟಾಪ್ ಇಡಲು ಮನೆಯ ಮರದ ಮಣೆಯೇ ಸಾಕು.