ಚೀಲ ಸರಿ, ಬಕೆಟ್ ನೋಡಿದ್ದೀರಾ?

ಓದುಗರ ಪತ್ರ: ಮೂವತ್ತು ವರ್ಷದಿಂದ ಬಟ್ಟೆ ಚೀಲ ಹಿಡಿದೇ ಮಾರ್ಕೆಟ್ಟಿಗೆ ಹೋಗುವವಳು ನಾನು. ನಮ್ಮ ಸೊಸೆ ತರಕಾರಿಯನ್ನೆಲ್ಲ ಫೋನಿನಲ್ಲೇ ತರಿಸುತ್ತಾಳೆ. ಒಂದು ಕಟ್ಟು ಕೊತ್ತಂಬರಿಗೂ ಒಂದು ಕವರ್. ಕೇಳಿದರೆ, ‘ಇದು ಆರ್ಗ್ಯಾನಿಕ್ ಅತ್ತೆ, ಪರಿಸರಕ್ಕೆ ಒಳ್ಳೆಯದು’ ಅನ್ನುತ್ತಾಳೆ. ನಮ್ಮಿಬ್ಬರಲ್ಲಿ ಯಾರು ಸರಿ?
(ವಿಜಯನಗರದ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ. ಯಾಕೆಂದು ಗೊತ್ತಾಯಿತು.)

ಸಂಪಾದಕರ ಉತ್ತರ: ಅಮ್ಮಾ, ಅತ್ತೆ ಸೊಸೆ ನಡುವೆ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಒಂದು ಮಾತು ಮಾತ್ರ ಕೇಳುತ್ತೇನೆ. ಬೆಳಗ್ಗೆ ಕಸದ ಆಟೋ ಬಂದಾಗ ನಿಮ್ಮ ಮನೆಯ ಹಸಿ ಕಸದ ಬಕೆಟ್ಟಿನಲ್ಲಿ ಏನಿರುತ್ತದೆ? ಸಿಪ್ಪೆ, ನಾರು, ಕಾಫಿ ಚರಟ ಇದ್ದರೆ ಸರಿ. ಹಳದಿಯಾದ ಕೊತ್ತಂಬರಿ, ಮೆತ್ತಗಾದ ಸೌತೆಕಾಯಿ, ಮೊನ್ನೆಯ ಅನ್ನ ಇದ್ದರೆ ಚೀಲದ ಜಗಳ ಆಮೇಲೆ ಆಡೋಣ.

ಒಂದು ಟೊಮೆಟೊ ಹಿಂದೆ ಕೋಲಾರದ ಬೋರ್‌ವೆಲ್ ನೀರಿದೆ, ಗೊಬ್ಬರವಿದೆ, ಲಾರಿಯ ಡೀಸೆಲ್ಲಿದೆ. ಕೊಳೆಸಿ ಎಸೆದರೆ ಅಷ್ಟೂ ದಂಡ. ಗುಡ್ಡೆ ಬಿದ್ದ ಕಸದೊಳಗೆ ಗಾಳಿಯಾಡದೆ ಕೊಳೆತರೆ ಮೀಥೇನ್ ಬೇರೆ ಹುಟ್ಟುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಹಾಳಾಯಿತು ಎನ್ನುತ್ತದೆ ವಿಶ್ವಸಂಸ್ಥೆಯ ಲೆಕ್ಕ. ಹೋಟೆಲು, ಅಂಗಡಿಗಳನ್ನೇ ನಾವು ಬೈಯುತ್ತೇವೆ, ಅಲ್ವಾ? ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದೇ. ಬೆಂಗಳೂರಿನ ಕಸ ಬೇಡವೆಂದು ಮಂಡೂರಿನವರು ಬೀದಿಗಿಳಿದದ್ದು ನೆನಪಿರಬೇಕು. 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಕಸವೇನೂ ನಿಲ್ಲಲಿಲ್ಲ, ಬೇರೆ ಊರಿನ ಪಾಲಾಯಿತು.

ನಾನೇನು ಸಾಚಾ ಅಲ್ಲ. ಕಳೆದ ವರ್ಷ ಗಾಡಿಯವನು ‘ಮೂರು ಕೆಜಿ ಐವತ್ತು’ ಎಂದು ಮೈಕಿನಲ್ಲಿ ಕೂಗಿದ್ದಕ್ಕೆ ಓಡಿ ಹೋಗಿ ಟೊಮೆಟೊ ತಂದೆ. ಮನೆಯಲ್ಲಿ ಇರುವವರು ಇಬ್ಬರು. ಒಂದೂವರೆ ಕೆಜಿ ಗೊಜ್ಜಾಯಿತು, ಮಿಕ್ಕಿದ್ದು ಬಕೆಟ್ಟಿಗೆ ಹೋಯಿತು. ತಂದದ್ದು ಬಟ್ಟೆ ಚೀಲದಲ್ಲೇ!

ಇನ್ನು ನಿಮ್ಮ ಚೀಲ. ಹತ್ತಿ ಬೆಳೆದು, ನೂತು, ನೇಯುವುದಕ್ಕೂ ಖರ್ಚಿದೆ. ಹವಾಮಾನದ ಮಟ್ಟಿಗೆ ಒಂದು ಹತ್ತಿ ಚೀಲ ಪ್ಲಾಸ್ಟಿಕ್ ಕವರಿಗೆ ಸಮ ಬರಬೇಕಾದರೆ 52 ಸಲವಾದರೂ ಬಳಸಬೇಕು ಎಂದು ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿತ್ತು. ನಿಮ್ಮ ಹಳೇ ಚೀಲ ಎಂದೋ ಪಾಸು. ಬೀರುವಿನಲ್ಲಿ ಮಡಚಿಟ್ಟ ತಾಂಬೂಲದ ಚೀಲಗಳು ಫೇಲು. ಆದರೆ ರಾಜಕಾಲುವೆಗೆ ಸಿಕ್ಕಿಕೊಳ್ಳುವ ಕವರು, ಹಸುವಿನ ಹೊಟ್ಟೆ ಸೇರುವ ಕವರು ಆ ಲೆಕ್ಕದಲ್ಲಿ ಬರುವುದಿಲ್ಲ. ನಮ್ಮೂರಿನಲ್ಲಿ ಬರಲೇಬೇಕು. ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕವರನ್ನು ನಿಷೇಧಿಸಿದ್ದು 2016ರಲ್ಲಿ. ಸೊಪ್ಪಿನ ಗಾಡಿಯಲ್ಲಿ ಅದು ಇನ್ನೂ ನೇತಾಡುತ್ತಿದೆ, ಬಿಡಿ.

ಸೊಸೆಯ ಮಾತಿನಲ್ಲೂ ಅರ್ಧ ನಿಜವಿದೆ. ರಾಸಾಯನಿಕವಿಲ್ಲದೆ ಬೆಳೆದರೆ ಮಣ್ಣಿಗೆ, ನೀರಿಗೆ ಒಳ್ಳೆಯದೇ. ಆದರೆ ‘ನ್ಯಾಚುರಲ್’, ‘ಫಾರ್ಮ್ ಫ್ರೆಶ್’ ಎಂದು ಬರೆದ ಮಾತ್ರಕ್ಕೆ ಅದು ಸಾವಯವ ಆಗುವುದಿಲ್ಲ. ಪ್ಯಾಕೆಟ್ ಮೇಲೆ ‘ಜೈವಿಕ್ ಭಾರತ್’ನಂಥ ಸರ್ಕಾರಿ ಸಾವಯವ ಮುದ್ರೆ ಇದೆಯಾ ನೋಡಲು ಹೇಳಿ. ರೈತರೇ ನೇರವಾಗಿ ಮಾರುವ ಕಡೆ ಮುದ್ರೆ ಇಲ್ಲದಿರಬಹುದು, ಅಲ್ಲಿ ಬಾಯಿಬಿಟ್ಟು ಕೇಳಿದರಾಯಿತು. ಮುದ್ರೆ ಇದ್ದರೂ ಫ್ರಿಜ್ಜಿನಲ್ಲಿ ಕೊಳೆತರೆ ಏನು ಬಂತು?

ಹಾಗೆಂದು ಆ್ಯಪ್ ಬಿಡಿಸಲು ಹೋಗಬೇಡಿ. ಬೆಳಗ್ಗೆ ಕೊತ್ತಂಬರಿ, ಮಧ್ಯಾಹ್ನ ಮೊಸರು, ಸಂಜೆ ಬ್ರೆಡ್ಡು ಎಂದು ಮೂರು ಸಲ ಸ್ಕೂಟರ್ ಓಡಿಸುವ ಬದಲು ಬೇಳೆ, ಎಣ್ಣೆ, ಸೋಪು ಎಲ್ಲ ವಾರಕ್ಕೊಮ್ಮೆ ಸೊಸೆಯೇ ತರಿಸಲಿ. ಸೊಪ್ಪು, ತರಕಾರಿ ನಿಮ್ಮ ಪಾಲಿಗಿರಲಿ. ಗಾಡಿಯಲ್ಲಿ ಎರಡೇ ಬದನೆಕಾಯಿ ಕೊಡಿ ಅನ್ನಬಹುದು, ಪ್ಯಾಕೆಟ್ಟಿನ ಹತ್ತಿರ ಅನ್ನಲಾಗುತ್ತದೆಯೇ? ವಿಮಾನದಲ್ಲಿ ಬಂದ ಹಣ್ಣಿನ ಬದಲು 1959ರಿಂದ ನಡೆಯುತ್ತಿರುವ ನಮ್ಮ ರೈತರ ಹಾಪ್‌ಕಾಮ್ಸ್‌ನಲ್ಲಿ ಸೀಬೆಹಣ್ಣು ನೋಡಿ. ನೀರು ನಿಲ್ಲಿಸಿದ ಭತ್ತದ ಗದ್ದೆಯಿಂದಲೂ ಮೀಥೇನ್ ಬರುತ್ತದೆ, ರಾಗಿಗೆ ಮಳೆ ನೀರೇ ಸಾಕು. ಹಾಗಾಗಿ ವಾರಕ್ಕೆರಡು ದಿನ ಮುದ್ದೆ ಮಾಡಿ. ಮಕ್ಕಳು ಮೂಗು ಮುರಿದರೆ ರಾಗಿ ದೋಸೆ ಇದ್ದೇ ಇದೆ.

ಆ ತಾಂಬೂಲದ ಚೀಲಗಳ ಕಥೆ ಬಾಕಿ ಉಳಿಯಿತು. ನಮ್ಮ ಮನೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಇದ್ದವು. ಸುಮ್ನೆ ಇಟ್ಟುಕೊಂಡು ಏನು ಮಾಡುವುದೆಂದು ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವ ಅಜ್ಜಿಗೆ ಕೊಟ್ಟುಬಂದೆ, ಚೀಲ ಮರೆತು ಬಂದವರಿಗೆ ಕೊಡಲಿ ಎಂದು. ಮುಂದಿನ ವಾರ ನಾನೇ ಚೀಲ ಮರೆತು ಹೋದೆ. ಅಜ್ಜಿ ಮೆಂತ್ಯ ಸೊಪ್ಪನ್ನು ನನ್ನ ಷಡ್ಡಕನ ಮಗಳ ಮದುವೆಯ ಚೀಲದಲ್ಲೇ ಹಾಕಿಕೊಟ್ಟರು. ‘ಇದನ್ನ ವಾಪಸ್ ತಂದುಕೊಡಬೇಕು’ ಎಂದು ತಾಕೀತು ಬೇರೆ.